ಸರ್ ಥಾಮಸ್ ಮನ್ರೋ ಸಾಹೇಬನ ಆಡಳಿತ ಕಾಯಕ

ಶಿವಶರಣರ ಮತದಲ್ಲಿ ಕಾಯಕಕ್ಕೆ ಮೇಲು ಕೀಳೆಂಬ ಭೇದವಿಲ್ಲ. ನೇಯುವವನ ಮಗ್ಗವೂ, ಒಕ್ಕಲಿಗನ ನೇಗಿಲೂ, ಭಂಡಾರಿಯ ಲೆಕ್ಕದ ಓಲೆಯೂ ಸಮಾನವಾಗಿ ಲಿಂಗಪೂಜೆಯ ಸಾಧನಗಳೇ. ಬಸವಣ್ಣನವರು ಬಿಜ್ಜಳನ ಭಂಡಾರಿಯಾಗಿದ್ದ ಸಂಗತಿಯನ್ನು ಪುರಾಣಗಳನ್ನು ಕೇಳಿದ ಭಕ್ತರೆಲ್ಲರೂ ಬಲ್ಲರು. ಭಂಡಾರದ ಹಣವು ಜಂಗಮರ ದಾಸೋಹಕ್ಕೆ ಹರಿದುಹೋಗುತ್ತಿದೆಯೆಂದು ಕೊಂಡೆಯರು ದೂರಿದಾಗ, ಅರಸನೆದುರಿಗೆ ಭಂಡಾರವನ್ನು ತೆರೆದು, ಲೆಕ್ಕವನ್ನು ಒಪ್ಪಿಸಿ, ಒಂದು ಹೊನ್ನೂ ಕಡಮೆಯಾಗಿಲ್ಲವೆಂಬುದನ್ನು ಅವರು ತೋರಿಸಿಕೊಟ್ಟರೆಂದು ಆ ಪುರಾಣಗಳು ಹೇಳುತ್ತವೆ. ಈ ಕಥೆಯಲ್ಲಿ ಪವಾಡವನ್ನು ಕಾಣುವವರು ಕಾಣಲಿ. ನನ್ನ ಮನಸ್ಸಿಗೆ ಹತ್ತುವುದು ಮತ್ತೊಂದು ಅಂಶ: ದೂರು ಬಂದೊಡನೆ ಅರಸನು ಭಂಡಾರಿಯನ್ನು ಕರೆಸಿದನು, ಲೆಕ್ಕವನ್ನು ಕೇಳಿದನು, ನೋಡಿದ ಮೇಲೆ ಮಾತಾಡಿದನು. ಅಧಿಕಾರವುಳ್ಳವನು ಯಾವ ಕ್ರಮದಿಂದ ಒಂದು ತೀರ್ಮಾನಕ್ಕೆ ಬರಬೇಕು ಎಂಬ ವಿಷಯವು ನಮ್ಮ ಧಾರ್ಮಿಕ ಚಿಂತನೆಗೆ ಹೊರತಾದುದೇನೂ ಅಲ್ಲ.

ಈ ದೃಷ್ಟಿಯಿಂದ ಒಬ್ಬ ಪರದೇಶೀಯನ ಚರಿತ್ರೆಯನ್ನು ಇಲ್ಲಿ ನಿರೂಪಿಸಲು ಉದ್ಯುಕ್ತನಾಗಿದ್ದೇನೆ. ಆತನು ಲಿಂಗವಂತನಲ್ಲ, ಈ ನಾಡಿನವನಲ್ಲ. ನಾಡನ್ನು ಕತ್ತಿಯಿಂದ ಗೆದ್ದುಕೊಂಡ ವ್ಯಾಪಾರದ ಕಂಪನಿಯೊಂದರ ನೌಕರನು. ಆದರೂ ಬಳ್ಳಾರಿ, ಆದವಾನಿ, ಅನಂತಪುರ, ಗುತ್ತಿ ಸೀಮೆಗಳಲ್ಲಿ ಆತನ ಹೆಸರು ಹಳ್ಳಿಯ ಜನರ ಬಾಯಲ್ಲಿ ತಲೆಮಾರುಗಳವರೆಗೆ ಉಳಿಯಿತು. ಮಕ್ಕಳಿಗೆ ಮನ್ರೋಲಪ್ಪನೆಂದು ಹೆಸರಿಟ್ಟವರುಂಟು. ಆತನನ್ನು ಮಂಡವ ಋಷಿಯೆಂದು ಕರೆದವರೂ ಉಂಟು. ಕಂದಾಯವನ್ನು ವಸೂಲು ಮಾಡಲು ಬಂದವನಿಗೆ ಜನರು ಋಷಿಯ ಪದವಿಯನ್ನು ಕೊಟ್ಟರೆಂದರೆ ಅದಕ್ಕೆ ಕಾರಣವೇನಿರಬೇಕೆಂದು ವಿಚಾರಿಸುವುದು ಯುಕ್ತವಾಗಿದೆ.

ಥಾಮಸ್ ಮನ್ರೋ ಹುಟ್ಟಿದುದು 1761ನೆಯ ಇಸವಿಯ ಮೇ 27ರಂದು, ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ. ತಂದೆ ಅಲೆಕ್ಸಾಂಡರ್ ಮನ್ರೋ ಅಮೆರಿಕದ ವರ್ಜೀನಿಯಾ ಪ್ರಾಂತದೊಡನೆ ವ್ಯಾಪಾರ ನಡೆಸುತ್ತಿದ್ದ ವರ್ತಕನು. ಅಮೆರಿಕದ ಸ್ವಾತಂತ್ರ್ಯ ಯುದ್ಧದಿಂದ ಆ ವ್ಯಾಪಾರವು ಮುರಿದುಬಿದ್ದು ಮನೆಯು ಬಡತನಕ್ಕೆ ಇಳಿಯಿತು. ಗ್ಲಾಸ್ಗೋ ವಿಶ್ವವಿದ್ಯಾಲಯದಲ್ಲಿ ಓದಿದ್ದ ಮಗನು ಕಂಪನಿಯ ಸೈನ್ಯದಲ್ಲಿ ಕಿರಿಯ ಹುದ್ದೆಯೊಂದನ್ನು ಹಿಡಿದು 1780ನೆಯ ಇಸವಿಯ ಜನವರಿಯಲ್ಲಿ ಮದರಾಸಿಗೆ ಬಂದಿಳಿದನು. ಆ ವರ್ಷವೇ ಹೈದರಾಲಿಯೊಡನೆ ಯುದ್ಧವು ತೊಡಗಿತು. ಮುಂದಣ ಹನ್ನೆರಡು ವರ್ಷಗಳ ಬಹುಭಾಗ ಆತನು ಸಿಪಾಯಿಯಾಗಿಯೇ ಕಳೆದನು. ಆದರೆ ಡೇರೆಯಲ್ಲಿ ಬಿಡುವಾದಾಗಲೆಲ್ಲ ಪಾರಸಿ, ಹಿಂದುಸ್ತಾನಿ ಭಾಷೆಗಳನ್ನು ಅಭ್ಯಾಸ ಮಾಡುತ್ತಿದ್ದನು. ಈ ಅಭ್ಯಾಸವೇ ಆತನ ದಿಕ್ಕನ್ನು ಬದಲಿಸಿತು.

1792ರಲ್ಲಿ ಶ್ರೀರಂಗಪಟ್ಟಣದ ಒಪ್ಪಂದದಂತೆ ಟೀಪು ಸುಲ್ತಾನನು ಬಾರಾಮಹಲ್ ಮತ್ತು ಸೇಲಂ ಸೀಮೆಗಳನ್ನು ಕಂಪನಿಗೆ ಬಿಟ್ಟುಕೊಟ್ಟನು. ಆ ಸೀಮೆಯನ್ನು ಆಳಬೇಕಾಗಿದ್ದ ಮದರಾಸಿನ ಸಿವಿಲ್ ಅಧಿಕಾರಿಗಳಲ್ಲಿ ದೇಶಭಾಷೆಯನ್ನು ಬಲ್ಲವರೇ ವಿರಳ. ಪ್ರಜೆಗಳ ಅಹವಾಲು ದುಭಾಷಿಯ ಬಾಯಿಂದ ಹೊರಬೀಳುವಾಗ ಏನೇನು ರೂಪಗಳನ್ನು ತಾಳುತ್ತದೆಯೆಂಬುದನ್ನು ವಾಚಕರು ಊಹಿಸಬಹುದು. ಆದುದರಿಂದ ಭಾಷೆ ತಿಳಿದ ಸೈನ್ಯಾಧಿಕಾರಿಗಳನ್ನೇ ಆರಿಸಿ, ಕ್ಯಾಪ್ಟನ್ ಅಲೆಕ್ಸಾಂಡರ್ ರೀಡನೆಂಬವನ ಕೈಕೆಳಗೆ ಅಲ್ಲಿಗೆ ಕಳುಹಿಸಲಾಯಿತು. ಅವರಲ್ಲಿ ಮನ್ರೋ ಒಬ್ಬನು. ಏಳು ವರ್ಷ ಆತನು ಊರೂರು ಅಲೆದು, ಹೊಲಗಳ ಬದುಗಳ ಮೇಲೆ ನಿಂತು, ರೈತರೊಡನೆ ಅವರ ಮಾತಿನಲ್ಲಿಯೇ ಮಾತಾಡಿ, ಭೂಮಿಯ ಲೆಕ್ಕವನ್ನು ಕಲಿತನು. ಸರ್ಕಾರಕ್ಕೂ ಸಾಗುವಳಿದಾರನಿಗೂ ನಡುವೆ ಜಮೀನ್ದಾರನಿಲ್ಲದೆ, ಪ್ರತಿಯೊಬ್ಬ ರೈತನೊಡನೆಯೂ ನೇರವಾಗಿ ಕಂದಾಯವನ್ನು ಗೊತ್ತುಮಾಡುವ ರಯತವಾರಿ ಪದ್ಧತಿಯು ರೂಪುಗೊಂಡುದು ಅಲ್ಲಿಯೇ.

ಟೀಪುವಿನ ಪತನಾನಂತರ 1799ರಲ್ಲಿ ಆತನನ್ನು ಕೆನರಾ ಜಿಲ್ಲೆಗೆ ಕಲೆಕ್ಟರನನ್ನಾಗಿ ನೇಮಿಸಿದರು. ಎಡೆಬಿಡದ ಮಳೆಯ ಆ ಸೀಮೆಯು ಆತನ ಮನಸ್ಸಿಗೆ ಒಗ್ಗಲಿಲ್ಲ. ಆದರೂ ಅಲ್ಲಿ ಆತನು ಮಾಡಿದ ಒಂದು ಕೆಲಸವು ನಮ್ಮ ಗಮನಕ್ಕೆ ಅರ್ಹವಾಗಿದೆ. ಹೊಸ ದರವನ್ನು ಹಾಕುವ ಮೊದಲು ಹಳೆಯ ದರ ಯಾವುದಿತ್ತು, ಅದನ್ನು ಯಾರು ಯಾವಾಗ ಏರಿಸಿದರು ಎಂಬುದನ್ನು ತಿಳಿಯಬೇಕೆಂದು ಶಾನುಭೋಗರ ಮನೆಗಳಲ್ಲಿದ್ದ ಕರಿಯ ಕಡತಗಳನ್ನು ತರಿಸಿ ಓದಿಸಿದನು. ವಿಜಯನಗರದ ಕಾಲದ ತೆರಿಗೆ, ಅದರ ಮೇಲೆ ಕೆಳದಿಯ ಅರಸರ ಕಟ್ಟುಪಾಡು, ಅದರ ಮೇಲೆ ಹೈದರನೂ ಟೀಪುವೂ ಸೇರಿಸಿದ ಹೆಚ್ಚಳ, ಹೀಗೆ ಪದರ ಪದರವಾಗಿ ಲೆಕ್ಕವು ಬಿಚ್ಚಿಕೊಂಡಿತು. ವೀರಶೈವ ದೊರೆಯಾದ ಶಿವಪ್ಪನಾಯಕನ ಶಿಸ್ತೆಂದರೆ ಮಲೆನಾಡಿನಲ್ಲಿ ಇಂದಿಗೂ ಗಾದೆಯ ಮಾತು. ಭೂಮಿಯ ಗುಣವನ್ನೂ ಬೆಳೆಯನ್ನೂ ಪರೀಕ್ಷಿಸಿ ಆ ದೊರೆಯು ಹದಿನೇಳನೆಯ ಶತಮಾನದ ನಡುವಿನಲ್ಲಿ ನಿಗದಿಪಡಿಸಿದ ದರವು, ಆಳುವವರು ಹೋದರೂ ಕಡತದಲ್ಲಿ ಉಳಿದುಕೊಂಡು, ನೂರನಲವತ್ತು ವರ್ಷಗಳ ತರುವಾಯ ಒಬ್ಬ ಪರದೇಶೀಯನ ಮುಂದೆ ಒಕ್ಕಲುಗಳ ಪರವಾಗಿ ಸಾಕ್ಷಿ ನುಡಿಯಿತು. ಈ ಸೀಮೆಯಲ್ಲಿ ಭೂಮಿಯು ಸಾಗುವಳಿದಾರರ ಸ್ವಂತ ಸ್ವತ್ತೆಂದೂ, ಅವರನ್ನು ಬಡವರನ್ನಾಗಿ ಮಾಡಿದುದು ಮೇಲಣ ಹೆಚ್ಚಳಗಳೆಂದೂ ಮನ್ರೋ 1800ರಲ್ಲಿ ಮದರಾಸಿಗೆ ಬರೆದನು. ತರ್ಕಶಾಸ್ತ್ರದ ಬಾಲಪಾಠವನ್ನು ಓದಿದವರಿಗೂ ತಿಳಿದಂತೆ ಪ್ರತಿಜ್ಞೆಯನ್ನು ಮಾಡಿದವನು ಹೇತುವನ್ನು ಹೇಳಬೇಕು; ಹೇತುವಿಲ್ಲದ ಪ್ರತಿಜ್ಞೆ ಬರಿಯ ಗಂಟಲ ಸದ್ದು. ಸರ್ಕಾರದ ಹುಕುಮಿಗೂ ಇದೇ ನಿಯಮವು ಅನ್ವಯಿಸುತ್ತದೆಯೆಂದು ಆತನು ಶಾಸ್ತ್ರವನ್ನೋದದೆಯೇ ಅರಿತಿದ್ದನು.

ಆ ವರ್ಷವೇ ನಿಜಾಮನು ತನ್ನ ಪಾಲಿಗೆ ಬಂದಿದ್ದ ಬಳ್ಳಾರಿ, ಕಡಪ, ಅನಂತಪುರಾದಿ ಸೀಮೆಗಳನ್ನು ಕಂಪನಿಗೆ ಒಪ್ಪಿಸಿದನು. ದತ್ತ ಮಂಡಲಗಳೆಂದು ಹೆಸರಾದ ಈ ಪ್ರದೇಶಕ್ಕೆ ಮನ್ರೋ ಪ್ರಧಾನ ಕಲೆಕ್ಟರನಾದನು. ಕೈಕೆಳಗೆ ನಾಲ್ವರು ಸಹಾಯಕರು. ಎಂಬತ್ತು ಮಂದಿ ಪಾಳೆಯಗಾರರು ತಮ್ಮ ತಮ್ಮ ಕೋಟೆಗಳಲ್ಲಿ ಕುಳಿತು ಸಹಸ್ರಾರು ಕಟ್ಟಾಳುಗಳನ್ನು ಸಾಕುತ್ತಿದ್ದ ನಾಡು ಅದು. ವರ್ಷಕ್ಕೊಬ್ಬ ವಸೂಲಿಗಾರನು ಬಂದು ಸಿಕ್ಕಿದ್ದನ್ನು ಕಿತ್ತುಕೊಂಡು ಹೋಗುತ್ತಿದ್ದನು. ಊರಿನ ಸುತ್ತ ಮಣ್ಣಿನ ಗೋಡೆಯಿಲ್ಲದೆ ರೈತರು ಬದುಕುವಂತಿರಲಿಲ್ಲ. ಇಂತಹ ಸೀಮೆಯಲ್ಲಿ ಮನ್ರೋ ಏಳು ವರ್ಷ ಡೇರೆಯಲ್ಲಿಯೇ ವಾಸಮಾಡಿದನು. ಇಂದು ಒಂದು ಮರದ ಕೆಳಗೆ ಕಚೇರಿ, ನಾಳೆ ಐದು ಹರಿದಾರಿ ಆಚೆಗೆ ಮತ್ತೊಂದು ಮರದ ಕೆಳಗೆ. ಬೆಳಗಿನಿಂದ ಸಂಜೆಯವರೆಗೆ ರೈತರು ಸುತ್ತುವರಿದು ಹೇಳಿಕೊಳ್ಳುತ್ತಿದ್ದರು. ಅಂಗರಕ್ಷಕರ ಪಡೆಯನ್ನು ಕಟ್ಟಿಕೊಂಡು ತಿರುಗುವ ಅಧಿಕಾರಿಯೆದುರಿಗೆ ಬಡವನು ಬಾಯಿ ಬಿಡಲಾರನೆಂಬುದು ಆತನ ಎಣಿಕೆಯಾಗಿದ್ದಿತು.

ಭೂಮಿಯನ್ನು ಅಳೆಯುವ ಕಾರ್ಯವು 1802ರಲ್ಲಿ ಮೊದಲಾಯಿತು. ಇದರ ಕ್ರಮವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕಾಗಿದೆ. ಏಕೆಂದರೆ ಮನ್ರೋವಿನ ಸ್ವಭಾವವು ಇದರಲ್ಲಿ ಕಂಡಂತೆ ಬೇರೆಲ್ಲಿಯೂ ಕಾಣುವುದಿಲ್ಲ. ಮೂವತ್ತಮೂರು ಅಡಿಯ ಸರಪಣಿಯಿಂದ ಹೊಲಹೊಲವನ್ನೂ ಅಳೆದು ಎಕರೆ ಗುಂಟೆಗಳಲ್ಲಿ ಬರೆಯಿಸಿದನು. ಅಳೆದವನು ಲಂಚ ತಿಂದಿರಬಹುದು ಅಥವಾ ಸೋಮಾರಿತನದಿಂದ ಅಂದಾಜಿನಲ್ಲಿ ಬರೆದಿರಬಹುದೆಂದು, ಅಳೆದುದರಲ್ಲಿ ಹತ್ತರಲ್ಲೊಂದು ಪಾಲನ್ನು ಬೇರೆ ಪರೀಕ್ಷಕರಿಂದ ಮತ್ತೆ ಅಳೆಯಿಸಿದನು. ಬಳಿಕ ಭೂಮಿಯ ವರ್ಗವನ್ನು ನಿರ್ಣಯಿಸಬೇಕು. ಎರೆಯ ಹೊಲ ಯಾವುದು, ಮಸಾರಿ ಯಾವುದು, ಕೆರೆಯ ಕೆಳಗಣ ಗದ್ದೆಗೆ ನೀರು ಎಷ್ಟು ತಿಂಗಳು ನಿಲ್ಲುತ್ತದೆ ಎಂಬುದನ್ನು ಕಚೇರಿಯಲ್ಲಿ ಕುಳಿತು ಹೇಳಬಲ್ಲವರಾರು? ಊರಿನ ಗೌಡ, ಕರಣಿಕ, ಒಕ್ಕಲುಗಳು ಇವರನ್ನು ಕೂಡಿಸಿ, ಅವರ ಬಾಯಿಂದಲೇ ವರ್ಗವನ್ನು ಹೇಳಿಸಿ ಬರೆಯಲಾಗುತ್ತಿತ್ತು. ಹಾಗೆ ಬರೆದುದನ್ನು ಹಿರಿಯ ಅಧಿಕಾರಿಗಳು ನೆರೆಯ ಊರುಗಳ ಲೆಕ್ಕದೊಡನೆ ಹೋಲಿಸಿ ನೋಡುತ್ತಿದ್ದರು. ಅಷ್ಟಾದ ಮೇಲೂ ತನ್ನ ಹೊಲಕ್ಕೆ ದರ ಮಿತಿಮೀರಿತೆನ್ನುವ ರೈತನು ಕಚೇರಿಗೆ ಬಂದು ಹೇಳಬಹುದಾಗಿತ್ತು. ಹೇಳಿದರೆ ಆ ಹೊಲವನ್ನು ಮತ್ತೆ ಪರೀಕ್ಷಿಸುತ್ತಿದ್ದರು. ಕಟ್ಟಕಡೆಗೆ ಪ್ರತಿಯೊಬ್ಬನ ಹೆಸರಿಗೂ ಅವನ ಭೂಮಿ ಇಷ್ಟು, ಕೊಡತಕ್ಕ ಹಣ ಇಷ್ಟೆಂದು ಬರೆದ ಪಟ್ಟಾ ಅವನ ಕೈಸೇರುತ್ತಿತ್ತು. ಶಾನುಭೋಗನು ಬಾಯಿಗೆ ಬಂದಷ್ಟು ಕೇಳಿದರೆ ತೋರಿಸಲು ಒಂದು ಕಾಗದ. ಓದಲು ಬಾರದವನೂ ಅದನ್ನು ಪೆಟ್ಟಿಗೆಯಲ್ಲಿ ವಿಭೂತಿಗಟ್ಟಿಯ ಜೊತೆಗಿಟ್ಟು ಕಾಪಾಡಿಕೊಂಡನೆಂದರೆ ಆಶ್ಚರ್ಯವಿಲ್ಲ.

ಏಳು ವರ್ಷಗಳಲ್ಲಿ ದತ್ತ ಮಂಡಲಗಳ ಕಂದಾಯವು ಸುಮಾರು ಹತ್ತು ಲಕ್ಷ ವರಹಗಳಿಂದ ಹದಿನೈದು ಲಕ್ಷ ವರಹಗಳಿಗೆ ಏರಿತು. ಮದರಾಸಿನವರಿಗೆ ಪರಮಸಂತೋಷ. ಆದರೆ ಇದನ್ನು ಕೇವಲ ಕೀರ್ತಿಯಾಗಿ ಬರೆದರೆ ಸತ್ಯಕ್ಕೆ ಅಪಚಾರವಾದೀತು. ಗೊತ್ತುಮಾಡಿದ ದರವು ಹುಟ್ಟುವಳಿಯ ನೂರರಲ್ಲಿ ಸುಮಾರು ನಲವತ್ತೈದು ಪಾಲನ್ನು ಮುಟ್ಟುತ್ತಿತ್ತು. ಬೀಜ, ಎತ್ತು, ಆಳಿನ ಖರ್ಚು ಕಳೆದರೆ ಒಕ್ಕಲಿಗನ ಮನೆಗೆ ಉಳಿಯುತ್ತಿದ್ದುದು ಎಷ್ಟು? ಒಬ್ಬನು ಕೊಡಲಾರದೆ ಹೋದರೆ ಅವನ ಬಾಕಿಯ ಒಂದಂಶವನ್ನು ಊರಿನ ಉಳಿದವರ ಮೇಲೆ ಹೇರುವ ಪದ್ಧತಿಯೂ ಇದ್ದಿತು. ಪಾಳೆಯಗಾರರ ವಿಷಯದಲ್ಲಿಯೂ ಆತನ ಕೈ ಕಠಿನವಾಗಿದ್ದಿತು. ಅನೇಕರನ್ನು ಅವರ ಸ್ಥಾನಗಳಿಂದ ಹೊರಡಿಸಿದನು; ಆ ಕ್ರಮವನ್ನು ಲಂಡನ್ನಿನ ಡೈರೆಕ್ಟರರೇ ಆಕ್ಷೇಪಿಸಿದರು. ರೈತನ ಅಹವಾಲನ್ನು ಗಂಟೆಗಟ್ಟಲೆ ಕೇಳಿದವನು ಪಾಳೆಯಗಾರನಿಗೆ ಅಷ್ಟು ಹೊತ್ತನ್ನು ಕೊಡಲಿಲ್ಲವೆಂದು ನನಗೆ ತೋರುತ್ತದೆ.

ಆದರೆ ದರದ ವಿಷಯದಲ್ಲಿ ಆತನು ಸುಮ್ಮನಿರಲಿಲ್ಲ. 1807ರ ಆಗಸ್ಟಿನಲ್ಲಿ, ರಜೆಯ ಮೇಲೆ ಸ್ವದೇಶಕ್ಕೆ ಹೊರಡುವ ಮೊದಲು, ತಾನೇ ಅಳೆಯಿಸಿ ತಾನೇ ನಿಗದಿಪಡಿಸಿದ ಕಂದಾಯವು ಭಾರವಾಯಿತೆಂದೂ, ಅದನ್ನು ನೂರಕ್ಕೆ ಇಪ್ಪತ್ತೈದರಷ್ಟು ಇಳಿಸಬೇಕೆಂದೂ, ರೈತನು ತನಗೆ ಬೇಡವಾದ ಭೂಮಿಯನ್ನು ಬಿಡುವುದಕ್ಕೂ ಬೇಕಾದುದನ್ನು ಹಿಡಿಯುವುದಕ್ಕೂ ಸ್ವತಂತ್ರನಾಗಿರಬೇಕೆಂದೂ ರೆವಿನ್ಯೂ ಬೋರ್ಡಿಗೆ ಬರೆದನು. ಬೋರ್ಡು ಒಪ್ಪಲಿಲ್ಲ. ಆತನು ಹಡಗು ಹತ್ತಿದ ಮೇಲೆ ರಯತವಾರಿಯನ್ನೇ ತೆಗೆದುಹಾಕಿ, ಊರೂರನ್ನು ಮೊದಲು ಮೂರು ವರ್ಷಕ್ಕೆ, ಆಮೇಲೆ ಹತ್ತು ವರ್ಷಕ್ಕೆ ಗುತ್ತಿಗೆ ಕೊಟ್ಟರು. ಹೆಚ್ಚಿನ ಹಣಕ್ಕೆ ಊರನ್ನು ಹಿಡಿದ ಗುತ್ತಿಗೆದಾರರು ಒಕ್ಕಲುಗಳನ್ನು ಹಿಂಡಿದರು. ಹಿಂಡಿಯೂ ಹಣ ಸಾಲದೆ ತಾವೂ ಕೆಟ್ಟರು.

ಇಲ್ಲಿ ಮಂತ್ರಾಲಯದ ಐತಿಹ್ಯವೊಂದನ್ನು ಸ್ಮರಿಸಬೇಕು. ಆದವಾನಿ ಸೀಮೆಯ ಮಂಚಾಲೆ ಗ್ರಾಮದ ಮಾನ್ಯವನ್ನು ಕಂಪನಿಯು ವಶಪಡಿಸಿಕೊಳ್ಳುವ ಪ್ರಸಂಗ ಬಂದಾಗ, ವಿಚಾರಣೆಗಾಗಿ ಮನ್ರೋ ಸಾಹೇಬನು ತಾನೇ ಅಲ್ಲಿಗೆ ಹೋಗಿ, ಪಾದರಕ್ಷೆಯನ್ನೂ ಟೋಪಿಯನ್ನೂ ತೆಗೆದಿಟ್ಟು ಒಳಹೊಕ್ಕನೆಂದೂ, ವೃಂದಾವನಸ್ಥರಾದ ರಾಘವೇಂದ್ರ ಸ್ವಾಮಿಗಳು ಆತನೊಬ್ಬನಿಗೆ ಮಾತ್ರ ಕಾಣಿಸಿಕೊಂಡು ಸಂಭಾಷಿಸಿದರೆಂದೂ, ಆತನು ಮಾನ್ಯವನ್ನು ಮುಂದುವರಿಸಿದನೆಂದೂ ಜನರು ನಂಬಿಕೊಂಡು ಬಂದಿದ್ದಾರೆ. ಅನ್ಯಮತೀಯರ ಮಹಿಮೆಯ ಕಥೆಯೆಂದು ನಾವು ಇದನ್ನು ಬದಿಗೆ ಸರಿಸಬೇಕಾಗಿಲ್ಲ. ಮಹಿಮೆಯ ಭಾಗವನ್ನು ಭಕ್ತರಿಗೆ ಬಿಟ್ಟು ನೋಡಿದರೂ, ಕಥೆಯು ಆತನಿಗೆ ಆರೋಪಿಸಿರುವ ಗುಣ ಯಾವುದು? ದೇವಾಲಯವನ್ನು ಕಟ್ಟಿಸಿದನೆಂದಾಗಲಿ, ಹೊನ್ನನ್ನು ದಾನ ಮಾಡಿದನೆಂದಾಗಲಿ ಜನರು ಕಥೆ ಕಟ್ಟಲಿಲ್ಲ. ಒಬ್ಬರ ಆಸ್ತಿಯನ್ನು ಕಿತ್ತುಕೊಳ್ಳುವ ಮುಂಚೆ ಅವರ ಬಾಗಿಲಿಗೆ ಹೋಗಿ ಅವರನ್ನೇ ಕೇಳಿದನೆಂದು ಕಟ್ಟಿದರು. ಆ ಯಜಮಾನನು ಶತಮಾನಕ್ಕೂ ಹಿಂದೆ ವೃಂದಾವನವನ್ನು ಪ್ರವೇಶಿಸಿದವನಾದರೂ ಕೇಳದೆ ತೀರ್ಮಾನಿಸಲಿಲ್ಲವೆಂದು ಕಟ್ಟಿದರು. ಪ್ರಜೆಗಳು ಅಧಿಕಾರಿಯಿಂದ ಏನನ್ನು ಬಯಸುತ್ತಾರೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಲಕ್ಷಣಗ್ರಂಥವನ್ನು ನಾನು ಕಂಡಿಲ್ಲ.

ಇಂಗ್ಲೆಂಡಿನಲ್ಲಿ ಆರು ವರ್ಷಗಳಿಗೂ ಹೆಚ್ಚು ಕಾಲವನ್ನು ಕಳೆದು, ಅಲ್ಲಿಯ ಪಾರ್ಲಿಮೆಂಟಿನೆದುರು ಹಿಂದುಸ್ಥಾನದ ವಿಷಯವಾಗಿ ಸಾಕ್ಷ್ಯ ಹೇಳಿ, 1814ರಲ್ಲಿ ಜೇನ್ ಕ್ಯಾಂಪ್‌ಬೆಲ್ ಎಂಬವಳನ್ನು ವಿವಾಹವಾಗಿ ಮನ್ರೋ ಹಿಂದಿರುಗಿದನು. ಈ ಬಾರಿ ನ್ಯಾಯಾಡಳಿತವನ್ನು ಸುಧಾರಿಸುವ ಆಯೋಗದ ಮುಖ್ಯಸ್ಥನಾಗಿ ಬಂದಿದ್ದನು. ಜಿಲ್ಲೆಗೊಬ್ಬ ಆಂಗ್ಲ ನ್ಯಾಯಾಧೀಶನು, ಅವನ ಮುಂದೆ ವರ್ಷಗಟ್ಟಲೆ ಕೊಳೆಯುವ ವ್ಯಾಜ್ಯಗಳು, ನೂರು ಮೈಲಿ ನಡೆದು ಬರಬೇಕಾದ ಸಾಕ್ಷಿಗಳು: ಇದನ್ನು ನ್ಯಾಯವೆನ್ನಲಾಗದೆಂದು ಆತನು ವಾದಿಸಿದನು. 1816ರ ಕಾಯಿದೆಗಳ ಪ್ರಕಾರ ಊರಿನ ಗೌಡನಿಗೆ ಹತ್ತು ರೂಪಾಯಿಗಳವರೆಗಿನ ವ್ಯಾಜ್ಯಗಳನ್ನು ತೀರಿಸುವ ಅಧಿಕಾರ ದೊರೆಯಿತು; ಪಂಚಾಯಿತಿಗಳಿಗೆ ಮನ್ನಣೆ ಬಂದಿತು; ದೇಶೀಯರೇ ಆದ ಜಿಲ್ಲಾ ಮುನಸೀಫರು ಇನ್ನೂರು ರೂಪಾಯಿಗಳವರೆಗೆ ವಿಚಾರಿಸತೊಡಗಿದರು. ಕೊಯಮತ್ತೂರಿನಲ್ಲಿ ಖಜಾನೆಯ ಅಧಿಕಾರಿಯಾಗಿದ್ದ ಕಾಶೀಚೆಟ್ಟಿಯೆಂಬವನು ಕಲೆಕ್ಟರನ ಅಲಕ್ಷ್ಯದ ನೆರಳಿನಲ್ಲಿ ಮಾಡಿದ ಅನ್ಯಾಯಗಳನ್ನು ಶೋಧಿಸಿ ಬಯಲಿಗೆಳೆದುದೂ ಈ ಕಾಲದಲ್ಲಿಯೇ.

ಅದೇ ಕಾಯಿದೆಗಳಿಂದ ಪೋಲೀಸಿನ ಮತ್ತು ಮ್ಯಾಜಿಸ್ಟ್ರೇಟರ ಅಧಿಕಾರವು ನ್ಯಾಯಾಧೀಶನ ಕೈಬಿಟ್ಟು ಕಲೆಕ್ಟರನ ಕೈಸೇರಿತು. ಆತನ ಜೀವನಚರಿತ್ರಕಾರರಲ್ಲಿ ಅನೇಕರು ಇದನ್ನೂ ಹೊಗಳಿದ್ದಾರೆ, ನನಗೆ ಒಪ್ಪಿಗೆಯಿಲ್ಲ. ತೆರಿಗೆಯನ್ನು ಎತ್ತುವ ಕೈಯೇ ಕೋಲನ್ನೂ ಹಿಡಿದರೆ, ತೆರಿಗೆ ಹೆಚ್ಚಾಯಿತೆಂದು ಕೂಗುವವನು ಯಾರ ಬಳಿ ಹೋಗಬೇಕು? ಕಲೆಕ್ಟರನು ಮನ್ರೋವಿನಂಥವನಾದರೆ ಬಾಧಕವಿಲ್ಲ. ಆದರೆ ತಾಲೂಕುತಾಲೂಕಿಗೂ ಮನ್ರೋ ಹುಟ್ಟಲಾರನು. ಆತನು ಗತಿಸಿ ಇಪ್ಪತ್ತೆಂಟು ವರ್ಷಗಳಾದ ಮೇಲೆ, 1855ರಲ್ಲಿ, ಮದರಾಸ್ ಆಧಿಪತ್ಯದಲ್ಲಿ ಕಂದಾಯಕ್ಕಾಗಿ ರೈತರನ್ನು ಹಿಂಸಿಸುತ್ತಿದ್ದಾರೆಂಬ ದೂರುಗಳನ್ನು ವಿಚಾರಿಸಿದ ಆಯೋಗವು, ಹಿಂಸೆಯು ನಿಜವೆಂದೂ, ಕಂದಾಯದ ಸಿಬ್ಬಂದಿಯೇ ಪೋಲೀಸಿನ ಸಿಬ್ಬಂದಿಯೂ ಆಗಿದ್ದುದು ಅದಕ್ಕೆ ಆಸ್ಪದವಾಯಿತೆಂದೂ ಕಂಡಿತು. ಬಿಸಿಲಿನಲ್ಲಿ ಬಗ್ಗಿಸಿ ನಿಲ್ಲಿಸಿ ಬೆನ್ನಿನ ಮೇಲೆ ಕಲ್ಲು ಹೇರುವುದು ಮೊದಲಾದ ಶಿಕ್ಷೆಗಳು ಆ ವರದಿಯ ಕಾಲಕ್ಕೆ ರೂಢಿಯಾಗಿದ್ದುವು. ತನ್ನ ಸಾಧುತ್ವವನ್ನೇ ಸಂಸ್ಥೆಯ ಸಾಧುತ್ವವೆಂದು ಭ್ರಮಿಸುವುದು ಸಜ್ಜನ ಅಧಿಕಾರಿಗಳಿಗೆ ವಿಶೇಷವಾಗಿ ಅಂಟುವ ದೋಷವೋ ಏನೋ.

1817ರ ಅಕ್ಟೋಬರಿನಲ್ಲಿ ಆತನಿಗೆ ಅಪ್ರಿಯವಾದ ಕಾರ್ಯವೊಂದು ಒದಗಿತು. ಸೊಂಡೂರು ತನಗೆ ಸೇರತಕ್ಕುದೆಂದು ಪೇಶ್ವೆ ಎರಡನೆಯ ಬಾಜೀರಾಯನು ಹಟ ಹಿಡಿದಿದ್ದನು. ಒಪ್ಪಂದಕ್ಕೆ ಕಟ್ಟುಬಿದ್ದ ಕಂಪನಿಯು ಅದನ್ನು ಶಿವರಾವ್ ಘೋರ್ಪಡೆಯಿಂದ ಬಿಡಿಸಿಕೊಡಲು ಮನ್ರೋವನ್ನು ಸೇನೆಯೊಡನೆ ಕಳುಹಿಸಿತು. ಶಿವರಾಯನು ಒಂದು ಗುಂಡನ್ನೂ ಹಾರಿಸದೆ ಕೋಟೆಯ ಬೀಗದ ಕೈಗಳನ್ನು ಒಪ್ಪಿಸಿ ಹೊರನಡೆದನು. ಹುಕುಮನ್ನು ನೆರವೇರಿಸಿದವನ ಕರ್ತವ್ಯವು ಅಲ್ಲಿಗೆ ಮುಗಿಯಬಹುದಾಗಿತ್ತು. ಕೆಲವು ವಾರಗಳಲ್ಲಿ ಪೇಶ್ವೆಯೇ ಕಂಪನಿಯ ಮೇಲೆ ಯುದ್ಧ ಹೂಡಿ ಸೋತು ರಾಜ್ಯವನ್ನು ಕಳೆದುಕೊಂಡನು. ಸೊಂಡೂರು ಈಗ ಗೆದ್ದವರ ಸೊತ್ತು, ಇಟ್ಟುಕೊಂಡಿದ್ದರೆ ಕೇಳುವವರಿರಲಿಲ್ಲ. ಆದರೆ ಯಾವ ಕಾರಣಕ್ಕಾಗಿ ಆ ಸೀಮೆಯನ್ನು ತೆಗೆದುಕೊಂಡೆವೋ ಆ ಕಾರಣವೇ ಇಲ್ಲವಾದುದರಿಂದ ಅದನ್ನು ಶಿವರಾಯನಿಗೆ ಮರಳಿಸುವುದು ನ್ಯಾಯವೆಂದು ಮನ್ರೋ ಶಿಫಾರಸು ಮಾಡಿದನು. 1818ರಲ್ಲಿ ಸೊಂಡೂರು ಘೋರ್ಪಡೆಯವರಿಗೆ ಹಿಂದಿರುಗಿತು. 1826ರಲ್ಲಿ ಗವರ್ನರನಾಗಿದ್ದ ಮನ್ರೋವೇ ಅದಕ್ಕೆ ಸನ್ನದನ್ನು ಕೊಟ್ಟನು. ತಾನು ಮಾಡಿದ ಕಾರ್ಯವನ್ನು ತಾನೇ ಅಳಿಸುವುದಕ್ಕೆ ಅಧಿಕಾರಿಗಳು ಹಿಂಜರಿಯುವುದು ಲೋಕರೂಢಿ. ಮುಖಭಂಗದ ಭಯವು ಅನೇಕ ಅನ್ಯಾಯಗಳಿಗೆ ದೀರ್ಘಾಯುಷ್ಯವನ್ನು ಕೊಟ್ಟಿದೆ.

ಪೇಶ್ವೆಯೊಡನೆ ನಡೆದ ಆ ಯುದ್ಧದಲ್ಲಿಯೇ ಧಾರವಾಡ, ಬಾದಾಮಿ, ಬೆಳಗಾವಿ ಸೀಮೆಗಳು ಮನ್ರೋವಿನ ವಶವಾದುವು. ಬೆಳಗಾವಿಯ ಮುತ್ತಿಗೆಯಲ್ಲಿ ನೆರವಾದ ಕಿತ್ತೂರಿನ ಶಿವಲಿಂಗರುದ್ರ ದೇಸಾಯಿಗೆ ಸಂಸ್ಥಾನವನ್ನು ವಂಶಪಾರಂಪರ್ಯವಾಗಿ ಅನುಭವಿಸುವಂತೆ, ವರ್ಷಕ್ಕೆ ಒಂದು ಲಕ್ಷ ಎಪ್ಪತ್ತೈದು ಸಾವಿರ ರೂಪಾಯಿ ಕಪ್ಪದ ಮೇಲೆ ಆತನು ಸ್ಥಿರಪಡಿಸಿದನು. ಈ ಸಂಗತಿಯನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು.

1820ರಲ್ಲಿ ಮನ್ರೋ ಮದರಾಸಿನ ಗವರ್ನರನಾದನು. ರಯತವಾರಿಯು ಮರಳಿ ಬಂದಿತು. ದತ್ತ ಮಂಡಲಗಳಲ್ಲಿ ಹದಿಮೂರು ವರ್ಷಗಳ ಹಿಂದೆ ತಿರಸ್ಕೃತವಾಗಿದ್ದ ನಾಲ್ಕನೆಯ ಒಂದು ಪಾಲಿನ ಇಳಿತವೂ ಜಾರಿಗೆ ಬಂದಿತು. ಗವರ್ನರನಾದ ಮೇಲೂ ಆತನು ಜಿಲ್ಲೆಗಳಲ್ಲಿ ಸಂಚರಿಸುತ್ತ ಅರ್ಜಿಗಳನ್ನು ಕೈಯಾರೆ ಸ್ವೀಕರಿಸುತ್ತಿದ್ದನು. ದೇಶೀಯರನ್ನು ಉನ್ನತ ಪದವಿಗಳಿಂದ ದೂರವಿಟ್ಟರೆ ಆ ಜನಾಂಗದ ಶೀಲವೇ ಕುಗ್ಗಿಹೋಗುವುದೆಂದು 1824ರ ಡಿಸೆಂಬರಿನಲ್ಲಿ ಬರೆದ ದೀರ್ಘ ಟಿಪ್ಪಣಿಯಲ್ಲಿ ಪ್ರತಿಪಾದಿಸಿದನು. ಇಷ್ಟಾದರೂ, 1822ರಲ್ಲಿ ಪತ್ರಿಕೆಗಳಿಗೆ ಸ್ವಾತಂತ್ರ್ಯ ಕೊಡುವ ಪ್ರಶ್ನೆ ಬಂದಾಗ, ಪರಕೀಯರ ಆಳ್ವಿಕೆಯೂ ಸ್ವತಂತ್ರವಾದ ಪತ್ರಿಕೆಯೂ ಒಂದೆಡೆ ಬಾಳಲಾರವೆಂದು ಅದನ್ನು ವಿರೋಧಿಸಿದನು. ಒಬ್ಬೊಬ್ಬನಾಗಿ ಬಂದು ಹೇಳಿಕೊಳ್ಳುವವನ ಅಹವಾಲನ್ನು ಕೇಳುವ ತಾಳ್ಮೆಯಿದ್ದವನಿಗೆ, ಎಲ್ಲರೂ ಕೂಡಿ ಗಟ್ಟಿಯಾಗಿ ಹೇಳುವುದನ್ನು ಕೇಳುವ ಧೈರ್ಯವಿರಲಿಲ್ಲ.

ನಮ್ಮಂತಹ ಉಪಾಧ್ಯಾಯರಿಗೆ ಆತನ ಆಳ್ವಿಕೆಯ ಅತ್ಯಂತ ಪ್ರಿಯವಾದ ಭಾಗವೆಂದರೆ ಶಾಲೆಗಳ ವಿಚಾರಣೆ. ವಿದ್ಯಾಭ್ಯಾಸಕ್ಕೆ ಏನಾದರೂ ಏರ್ಪಾಡು ಮಾಡುವ ಮೊದಲು ಊರುಗಳಲ್ಲಿ ಈಗಾಗಲೇ ಏನಿದೆಯೆಂದು ತಿಳಿಯಬೇಕೆಂದು 1822ರಲ್ಲಿ ಎಲ್ಲ ಕಲೆಕ್ಟರರಿಗೂ ಆಜ್ಞೆ ಹೋಯಿತು. ಇಡೀ ಆಧಿಪತ್ಯದಲ್ಲಿ 12,498 ಪಾಠಶಾಲೆಗಳೂ 1,88,650 ವಿದ್ಯಾರ್ಥಿಗಳೂ ಇರುವರೆಂದು ಲೆಕ್ಕ ಸಿಕ್ಕಿತು. ಬಳ್ಳಾರಿ ಜಿಲ್ಲೆಯೊಂದರಲ್ಲಿಯೇ 533 ಶಾಲೆಗಳು. ಅವುಗಳಲ್ಲಿ 235 ಕನ್ನಡದವು. 1823ರಲ್ಲಿ ಬಳ್ಳಾರಿಯ ಕಲೆಕ್ಟರನಾದ ಕ್ಯಾಂಪ್‌ಬೆಲ್ಲನು ಕಳುಹಿಸಿದ ವರದಿಯಲ್ಲಿ, ಲಿಂಗಧಾರಿಗಳ ಮಕ್ಕಳು ಓದುತ್ತಿದ್ದ ಪುಸ್ತಕಗಳ ಪಟ್ಟಿಯೂ ಇದೆ: ಬಸವಪುರಾಣ, ರಾಘವಾಂಕನ ಕಾವ್ಯ, ಗಿರಿಜಾಕಲ್ಯಾಣ, ಚೆನ್ನಬಸವಪುರಾಣ. ಆಂಗ್ಲ ಲಿಪಿಯಲ್ಲಿ ಕಾಗುಣಿತ ಕೆಟ್ಟು ಗುರುತು ಹಿಡಿಯುವುದೇ ಕಷ್ಟವಾಗಿರುವ ಆ ಹೆಸರುಗಳನ್ನು ಮೊದಲ ಬಾರಿ ಬಿಡಿಸಿ ಓದಿದಾಗ ನನಗಾದ ಆನಂದವನ್ನು ಇಲ್ಲಿ ವರ್ಣಿಸುವುದಿಲ್ಲ. ನಮ್ಮ ಐಗಳ ಮಠಗಳ ಜಗಲಿಯ ಮೇಲೆ ಇನ್ನೂರು ವರ್ಷಗಳ ಹಿಂದೆ ಹುಡುಗರು ಏನನ್ನು ಕಂಠಪಾಠ ಮಾಡುತ್ತಿದ್ದರೆಂಬುದು ಇಂದು ತಿಳಿಯುವುದಾದರೆ, ಕೇಳಿ ತಿಳಿದುಕೊಂಡಲ್ಲದೆ ಕೈಯಿಕ್ಕಬಾರದೆಂಬ ಒಬ್ಬ ಅಧಿಕಾರಿಯ ಹಟದಿಂದ. ಅದೇ ವರದಿಯು, ಕಂಪನಿಯ ಆಳ್ವಿಕೆಯಿಂದ ನಾಡು ಬಡವಾಗಿ ತಂದೆತಾಯಿಗಳು ಮಕ್ಕಳನ್ನು ಶಾಲೆಗೆ ಕಳುಹಿಸಲಾರದವರಾಗಿರುವರೆಂದೂ ಮುಚ್ಚುಮರೆಯಿಲ್ಲದೆ ಹೇಳಿದೆ.

ಇನ್ನು ಕಿತ್ತೂರಿಗೆ ಬರೋಣ. 1824ರ ಸೆಪ್ಟೆಂಬರಿನಲ್ಲಿ ಶಿವಲಿಂಗರುದ್ರ ದೇಸಾಯಿಯು ಗಂಡುಸಂತಾನವಿಲ್ಲದೆ ಲಿಂಗೈಕ್ಯನಾದನು. ಮರಣಕ್ಕೆ ಮುಂಚೆ ದತ್ತು ತೆಗೆದುಕೊಂಡ ಪತ್ರವು ಧಾರವಾಡದ ಕಲೆಕ್ಟರನಾದ ಥ್ಯಾಕರೆಗೆ ಮುಟ್ಟಿತು. ಅಷ್ಟು ಹೊತ್ತಿಗೆ ಈ ಸೀಮೆಯು ಮುಂಬಯಿ ಸರ್ಕಾರಕ್ಕೆ ಸೇರಿದ್ದಿತು. ಮನ್ರೋವಿಗೆ ಅಲ್ಲಿ ಅಧಿಕಾರವಿರಲಿಲ್ಲ. ಥ್ಯಾಕರೆಯು ಪತ್ರದ ಸಹಿಯನ್ನೂ ತಾರೀಖನ್ನೂ ಶಂಕಿಸಿದನು. ಶಂಕಿಸುವುದು ತಪ್ಪಲ್ಲ, ಶಂಕೆ ಬಂದರೆ ವಿಚಾರಣೆ ನಡೆಸಬೇಕು. ರಾಣಿ ಚೆನ್ನಮ್ಮಾಜಿಯು ದತ್ತಕವನ್ನು ಮನ್ನಿಸಬೇಕೆಂದು ಮೇಲಧಿಕಾರಿಗಳಿಗೆ ಬರೆದುಕೊಂಡಳು. ಮೇಲಿನಿಂದ ತೀರ್ಮಾನ ಬರುವುದಕ್ಕೆ ಮುನ್ನವೇ ಥ್ಯಾಕರೆಯು ಖಜಾನೆಗೆ ಮೊಹರು ಹಾಕಿಸಿ, ಸಂಸ್ಥಾನಕ್ಕೆ ತನ್ನವರನ್ನು ನೇಮಿಸಿ, ತೋಪುಗಳೊಡನೆ ಕೋಟೆಯ ಬಾಗಿಲಿಗೆ ಬಂದು ನಿಂತನು. ಅಕ್ಟೋಬರ್ 23ರಂದು ಆ ಬಾಗಿಲು ತೆರೆಯಿತು. ಮುಂದಿನದು ಕನ್ನಡ ನಾಡಿನ ಮಕ್ಕಳೆಲ್ಲರಿಗೂ ತಿಳಿದ ಕಥೆ. ಥ್ಯಾಕರೆ ಹತನಾದನು. ಡಿಸೆಂಬರಿನಲ್ಲಿ ಕಂಪನಿಯ ದೊಡ್ಡ ಸೇನೆ ಬಂದು ಕಿತ್ತೂರನ್ನು ಕೆಡವಿತು. ಆ ಕಡೆಯ ಕಾಳಗದಲ್ಲಿ ಸತ್ತವರಲ್ಲಿ ಸೊಲ್ಲಾಪುರದ ಸಬ್ ಕಲೆಕ್ಟರನಾಗಿದ್ದ, ಮನ್ರೋವಿನ ಸೋದರಸಂಬಂಧದ ಮಗನೂ ಒಬ್ಬನು. ಬೈಲಹೊಂಗಲದ ಸೆರೆಯಲ್ಲಿ ಚೆನ್ನಮ್ಮಾಜಿಯು 1829ರ ಫೆಬ್ರವರಿಯಲ್ಲಿ ದೇಹವಿಟ್ಟಳು.

ವಿಚಿತ್ರವೆಂದರೆ, ಈ ಥ್ಯಾಕರೆಯ ಅಣ್ಣನಾದ ವಿಲಿಯಂ ಥ್ಯಾಕರೆಯು ದತ್ತ ಮಂಡಲಗಳಲ್ಲಿ ಮನ್ರೋವಿನ ಸಹಾಯಕನಾಗಿ, ಮರದಡಿಯ ಆ ಕಚೇರಿಯಲ್ಲಿಯೇ ಕೆಲಸ ಕಲಿತವನು. ಗುರುವಿನ ವಿದ್ಯೆ ಒಂದು ಮನೆಯ ಒಬ್ಬ ಮಗನಿಗೆ ದಕ್ಕಿ ಮತ್ತೊಬ್ಬನಿಗೆ ದಕ್ಕದೆ ಹೋಯಿತು. ಮನ್ರೋ ಪಾಲಿಸಿದ ಕ್ರಮವು ಆತನ ಶೀಲದಲ್ಲಿ ಇದ್ದಿತೇ ಹೊರತು ಕಂಪನಿಯ ಶಾಸನದಲ್ಲಿ ಇರಲಿಲ್ಲ. ಕೇಳದೆ ತೀರ್ಮಾನಿಸಿದ ಅಧಿಕಾರಿಯ ಹುಕುಮನ್ನು ರದ್ದುಪಡಿಸುವ ನ್ಯಾಯಸ್ಥಾನವೊಂದು ಚೆನ್ನಮ್ಮಾಜಿಯ ಪಾಲಿಗೆ ಇದ್ದಿದ್ದರೆ ಕತ್ತಿಯನ್ನು ಹಿರಿಯುವ ಪ್ರಮೇಯವಿರುತ್ತಿರಲಿಲ್ಲ. ಸ್ವತಂತ್ರ ಭಾರತದಲ್ಲಿ ಸಂವಿಧಾನದ ಹದಿನಾಲ್ಕನೆಯ ಅನುಚ್ಛೇದವು ಎಲ್ಲರನ್ನೂ ಕಾನೂನಿನ ಮುಂದೆ ಸಮಾನರನ್ನಾಗಿ ಮಾಡಿದೆ. 1969ರ ಕ್ರೈಪಾಕ್ ಮೊಕದ್ದಮೆಯಲ್ಲಿ, ಸರ್ಕಾರದ ಆಡಳಿತ ನಿರ್ಣಯಗಳಿಗೂ ಸಹಜ ನ್ಯಾಯದ ತತ್ತ್ವಗಳು ಅನ್ವಯಿಸುವುವೆಂದೂ, ಯಾರೂ ತನ್ನ ವ್ಯವಹಾರಕ್ಕೆ ತಾನೇ ತೀರ್ಪುಗಾರನಾಗಕೂಡದೆಂದೂ ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತಿತು; 1978ರ ಮೇನಕಾ ಗಾಂಧಿಯವರ ಮೊಕದ್ದಮೆಯಲ್ಲಿ, ಒಬ್ಬರ ಹಕ್ಕನ್ನು ಕಸಿಯುವ ಕ್ರಮವು ನ್ಯಾಯವೂ ಯುಕ್ತವೂ ಆಗಿರಬೇಕೆಂದು ಸ್ಥಿರಪಡಿಸಿತು. ಕಡತವನ್ನು ಕೇಳಿ ಪಡೆಯುವ ಹಕ್ಕು 2005ರ ಕಾಯಿದೆಯಿಂದ ಸಾಮಾನ್ಯ ಗೃಹಸ್ಥನಿಗೂ ಬಂದಿತು. ಪಂಚಾಯಿತಿಯ ಕಚೇರಿಯಲ್ಲಿ ಖಾತೆಯ ಬದಲಾವಣೆಗಾಗಿ ನಿಲ್ಲುವ ಭಕ್ತನು, ತನ್ನ ಅರ್ಜಿಯನ್ನು ಏಕೆ ತಳ್ಳಿಹಾಕಿದಿರೆಂದು ಇಂದು ಬರಹದಲ್ಲಿ ಕೇಳಬಲ್ಲನು.

ಬರ್ಮಾ ಯುದ್ಧದ ದೆಸೆಯಿಂದ ಮನ್ರೋವಿನ ನಿವೃತ್ತಿಯು ತಡವಾಯಿತು. ಪತ್ನಿಯನ್ನು ಮುಂದಾಗಿ ಸ್ವದೇಶಕ್ಕೆ ಕಳುಹಿಸಿ, ಹೊರಡುವ ಮುನ್ನ ದತ್ತ ಮಂಡಲಗಳ ಜನರನ್ನು ಕಡೆಯ ಬಾರಿ ನೋಡಿಬರಬೇಕೆಂದು 1827ರ ಬೇಸಗೆಯಲ್ಲಿ ಪ್ರಯಾಣ ಬೆಳೆಸಿದನು. ದಾರಿಯಲ್ಲಿ ಪಾಳೆಯದೊಳಗೆ ಕಾಲರಾ ಕಾಣಿಸಿಕೊಂಡಿತು. ಜುಲೈ 6ರಂದು ಪತ್ತಿಕೊಂಡದ ಬೀಡಿನಲ್ಲಿ ಬೆಳಗಿನ ಹೊತ್ತು ಎಂದಿನಂತೆ ಕೆಲಸಕ್ಕೆ ಕುಳಿತವನಿಗೆ ರೋಗವು ತಗಲಿ, ಅಂದಿನ ರಾತ್ರಿಯೇ ಡೇರೆಯಲ್ಲಿ ಪ್ರಾಣ ಬಿಟ್ಟನು. ಆಗ ಆತನಿಗೆ ಅರುವತ್ತಾರು ವರ್ಷ. ಗುತ್ತಿಯ ಕೋಟೆಯ ಕೆಳಗೆ ಸಮಾಧಿ ಮಾಡಿದರು. ಕೆಲವು ವರ್ಷಗಳ ಮೇಲೆ ಅಸ್ಥಿಗಳನ್ನು ಮದರಾಸಿನ ಸೇಂಟ್ ಜಾರ್ಜ್ ಕೋಟೆಯ ದೇವಾಲಯಕ್ಕೆ ಒಯ್ದರು. ಆ ನಗರದಲ್ಲಿ 1839ರಲ್ಲಿ ನಿಲ್ಲಿಸಿದ, ಜೀನೂ ರಿಕಾಪೂ ಇಲ್ಲದ ಕುದುರೆಯ ಮೇಲಣ ಆತನ ಪ್ರತಿಮೆಯನ್ನು ಕಂಡವರು ಅನೇಕರಿದ್ದಾರೆ. ಪತ್ತಿಕೊಂಡದಲ್ಲಿ ಆತನು ಸತ್ತ ಸ್ಥಳದ ಬಳಿ ಸರ್ಕಾರದವರು ಹುಣಿಸೆಯ ತೋಪೊಂದನ್ನು ನೆಡಿಸಿ, ದಾರಿಹೋಕರಿಗಾಗಿ ಕಲ್ಲಿನ ಮೆಟ್ಟಿಲುಗಳ ಬಾವಿಯನ್ನು ಕಟ್ಟಿಸಿದರು.